ಬಾಗಿಲಿನ ಬೇವಿನ ಸೊಪ್ಪು

ನಂಜಪ್ಪಣ್ಣ ಭಾಷಣಕ್ಕೆ ನಿಲ್ಲುವ ಮುಂಚೆ ಚಪ್ಪಲಿ ಬಿಡುತ್ತಿದ್ದರು. ಪೀಣ್ಯದ ಕಾರ್ಖಾನೆಗಳ ಪಕ್ಕದ ನಮ್ಮೂರಿನ ಅರಳಿಕಟ್ಟೆ ಮುಂದೆ, ಸುಡುವ ಮಣ್ಣಿನಲ್ಲಿ ಬರಿಗಾಲಲ್ಲಿ ನಿಂತು ಗುಡುಗುತ್ತಿದ್ದರು: "ಇದು ನಮ್ಮವ್ವನ ಮಡ್ಲು ಕಣ್ರಪ್ಪೋ! ಇಲ್ಲಿ ಮೆಟ್ಟಾಕ್ಕಂಡು ನಿಂತ್ಕಂತಾರಾ? ಹೊಲ ಕೊಟ್ಟೋರು ನಾವು, ಮಿಷನ್ ಮುಂದೆ ನಿಂತಿರೋರು ಯಾರು?"

ನನಗೆ ಆಗ ಹದಿನಾರು. ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು ಅವರ ಮಾತುಗಳನ್ನು ರಾಗಿ ಬೀಸುತ್ತಾ ಒಬ್ಬಳೇ ಹೇಳಿಕೊಳ್ಳುತ್ತಿದ್ದೆ. ಕಾರ್ಖಾನೆಗೆ ಹೊಲ ಹೋದ ಮೇಲೆ ನಮ್ಮಪ್ಪ ತಲೆ ಎತ್ತಿ ನಡೆದದ್ದು ಅವರ ಸಭೆಗೆ ಹೋಗುವಾಗ ಮಾತ್ರ.

ಮಕ್ಕಳೇ, ಮುಂದಿನದನ್ನು ನಾನು ನಿಮ್ಮ ತಾತನಿಗೂ ಹೇಳಿರಲಿಲ್ಲ.

ಒಂದು ಬೆಳಗ್ಗೆ ಅವರು ಊರಿನ ಹೆಣ್ಣುಮಕ್ಕಳನ್ನು ಕರೆದರು. "ಇವತ್ತು ನಮ್ಮ ಹುಡುಗ್ರು ಬತ್ತಾರೆ. ನಮ್ಮೋರ ಬಾಗಿಲಿಗೆಲ್ಲ ಬೇವಿನ ಸೊಪ್ಪು ಕಟ್ಬುಡಿ. ಸೊಪ್ಪಿಲ್ಲದ ಮನೆ ಅವ್ರು ನೋಡ್ಕತಾರೆ." ನನ್ನ ಕಡೆ ತಿರುಗಿ, "ನೀನು ಚುರುಕು ಕಣವ್ವ, ನಿಮ್ಮ ಬೀದಿ ನಿಂದು" ಎಂದರು. ಅಷ್ಟು ಸಾಕಾಯಿತು.

ಎದುರಿನ ಬಾಡಿಗೆ ಮನೆಯಲ್ಲಿ ಸೆಲ್ವಿ ಅಕ್ಕ ಇದ್ದರು. ತಮಿಳರು, ಗಂಡನಿಗೆ ಕಾರ್ಖಾನೆಯಲ್ಲಿ ಲೇತ್ ಮಿಷನ್ ಕೆಲಸ. ಅವರ ಬಾಗಿಲಲ್ಲಿ ಆಗಲೇ ಬೇವಿತ್ತು. ಮಗುವಿಗೆ ಸೀತಾಳೆ ಸಿಡುಬು. ಅಮ್ಮ ಬಂದ ಮನೆಗೆ ಯಾರೂ ಕಾಲಿಡಬಾರದೆಂದು ನಾವೂ ಹಾಗೇ ಕಟ್ಟುತ್ತಿದ್ದೆವು. ನಾನು ಅದನ್ನು ಕಿತ್ತೆ.

"ಪಾಪಾ, ಒಳಗೆ ಅಮ್ಮ ಇದಾಳೆ, ಕೀಳಬೇಡಮ್ಮ" ಎಂದರು ಸೆಲ್ವಿ ಅಕ್ಕ.

"ನೀವು ನಮ್ಮೋರಲ್ವಲ್ಲ" ಎಂದೆ. ಅಪರೂಪಕ್ಕೆ ನನ್ನ ದನಿ ನಡುಗಲಿಲ್ಲ.

ಮಧ್ಯಾಹ್ನ ಆ ಹುಡುಗರು ಬಂದರು. ಕೈಯಲ್ಲಿ ಸೈಕಲ್ ಚೈನು, ಕಬ್ಬಿಣದ ಸಲಾಕೆ. ಸೊಪ್ಪಿದ್ದ ಬಾಗಿಲುಗಳನ್ನು ದಾಟಿ ಸೀದಾ ಸೆಲ್ವಿ ಅಕ್ಕನ ಮನೆಗೇ ನುಗ್ಗಿದರು. ಹೆಂಚು ಪುಡಿಯಾಯಿತು. ಗಂಡನ ಬಲಗೈಯನ್ನು ಹೊಸ್ತಿಲ ಮೇಲೆ ಒತ್ತಿಹಿಡಿದು ಹೊಡೆದರು. ಮೂಳೆ ಹಸಿ ಕಬ್ಬಿನ ಹಾಗೆ ಲಟಕ್ಕೆಂದಿತು. ಮಗುವನ್ನು ಚಾಪೆ ಸಮೇತ ಬೀದಿಯ ಬಿಸಿಲಿಗೆ ಎಳೆದರು. ಗುಳ್ಳೆಗಳು ಒಡೆದು ಮೈ ಚಾಪೆಗೆ ಅಂಟಿತ್ತು. ಸೆಲ್ವಿ ಅಕ್ಕ ಅಳುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು.

"ಸಾಕು ಅನ್ನಿ ಅಣ್ಣ" ಎಂದು ಕೇಳಲು ಕಟ್ಟೆಯ ಹತ್ತಿರ ಓಡಿದೆ. ನಂಜಪ್ಪಣ್ಣ ಅಲ್ಲಿ ಬರಿಗಾಲಲ್ಲಿ ನಿಂತಿದ್ದರು. ನಾನು ಅವರ ಪಾದ ನೋಡುತ್ತಾ ನಿಂತುಬಿಟ್ಟೆ. ಅವರು ನನ್ನ ತಲೆ ಸವರಿ, "ಭೇಷ್ ಕಣವ್ವ" ಎಂದರು.

ಸಂಜೆ ಆ ಸಂಸಾರ ಯಾವುದೋ ಲಾರಿ ಹತ್ತಿ ಹೋಯಿತು. ಮಗು ಉಳಿಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಎಂಟು ಹತ್ತು ವರ್ಷದ ಮೇಲೆ ನಂಜಪ್ಪಣ್ಣ, ನಾನು ಮದುವೆಯಾಗಿ ಬಂದಿದ್ದ ರಾಜಗೋಪಾಲನಗರದ ಮನೆಗೆ ಓಟು ಕೇಳಲು ಬಂದರು. ಆ ವಾರ ನಿಮ್ಮಪ್ಪನಿಗೆ ಅಮ್ಮ ಬಂದಿತ್ತು. ಒಂದು ಚಪ್ಪಲಿ ಬಿಟ್ಟವರು ಬಾಗಿಲ ಬೇವು ನೋಡಿ ಅಲ್ಲೇ ನಿಂತು ಕೈ ಮುಗಿದರು. "ತಾಯಿ ಇರೋ ಮನೆ. ಒಳಕ್ಕೆ ಬರಬಾರ್ದು ಕಣವ್ವ."

"ಸೆಲ್ವಿ ಅಕ್ಕನ ಮನೇಲೂ ತಾಯಿ ಇದ್ಲು ಅಣ್ಣ. ಸೊಪ್ಪು ಕಿತ್ತೋಳು ನಾನೇ."

"ಯಾವ ಸೆಲ್ವಿ?"

ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಬಿಟ್ಟ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಪಕ್ಕದ ಮನೆ ಮುಂದೆ ಮತ್ತೆ ಬಿಟ್ಟರು.