ನಲವತ್ತೊಂದನೇ ಕಿಲೋಮೀಟರಿನ ಗೇಟು

ತಾರ್ಚೀಸಿಯೊ ರೋನ್ಕಾರಿಯ ಕೆಲಸ ಏನೆಂದು ಕೇಳಿದವರೆಲ್ಲ ನಗುತ್ತಾರೆ. ಎಲ್ಲರ ಹಾಗೆ ಕಾರು ಓಡಿಸುವುದೇ ಅವನ ಕೆಲಸ. ಜೋರಾಗಿಯೂ ಅಲ್ಲ, ಮೆಲ್ಲಗೂ ಅಲ್ಲ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಆಫೀಸಿಗೆ ಓಡುವ ಸಾಮಾನ್ಯ ಮನುಷ್ಯ ಹೇಗೆ ಓಡಿಸುತ್ತಾನೋ ಹಾಗೆ. ಕಾರಿನ ಹಿಂಭಾಗಕ್ಕೆ ಸೂಟ್‌ಕೇಸಿನಷ್ಟು ದೊಡ್ಡ ಪೆಟ್ಟಿಗೆ ಕಟ್ಟಿ, ಹೊಗೆ ಕೊಳವೆಯನ್ನು ಅದಕ್ಕೆ ಜೋಡಿಸಿರುತ್ತೇವೆ. ಕಾರು ಯಾವ ಕ್ಷಣದಲ್ಲಿ ಎಷ್ಟು ಹೊಗೆ ಬಿಟ್ಟಿತು ಎಂದು ಅದು ಹೇಳುತ್ತದೆ. ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ನಾನು ಅದನ್ನು ನೋಡುತ್ತಿರುತ್ತೇನೆ. ಆ ಅಂಕಿಗಳು ಬ್ರಸೆಲ್ಸಿಗೆ ಹೋಗುತ್ತವೆ. ಯುರೋಪಿನ ಕಾರುಗಳು ಎಷ್ಟು ಹೊಗೆ ಬಿಡಬಹುದು ಅನ್ನುವ ಕಾನೂನು ಮಾಡುವವರು ಅವನ್ನು ನೋಡುತ್ತಾರೆ.

ಹನ್ನೊಂದು ವರ್ಷದಿಂದ ಅವನ ಪಕ್ಕದಲ್ಲಿ ಕೂತಿದ್ದೇನೆ. ಗಂಡನ ಪಕ್ಕದಲ್ಲೂ ಅಷ್ಟು ಕೂತಿಲ್ಲ. ಉತ್ತರ ಇಟಲಿಯ ಸರೋವರದ ದಡದ ಪ್ರಯೋಗಾಲಯದಿಂದ ಹೊರಟು, ಕಣಿವೆಯ ಊರುಗಳನ್ನು ದಾಟಿ, ಗುಡ್ಡ ಹತ್ತಿ ಇಳಿದು, ಹೆದ್ದಾರಿ ಹಿಡಿದು ವಾಪಸ್. ಎಂಬತ್ತೆರಡು ಕಿಲೋಮೀಟರ್. ಅರವತ್ತು ದಾಟಿದ ಅವನಿಗೆ ಈ ಕೆಲಸದ ಬಗ್ಗೆ ಇದ್ದ ಜಂಬ ಅಷ್ಟಿಷ್ಟಲ್ಲ.

"ಮಿರೆಲ್ಲಾ, ಇಡೀ ಲೊಂಬಾರ್ದಿಯಾದಲ್ಲಿ ನನ್ನಷ್ಟು ಸಾಮಾನ್ಯ ಮನುಷ್ಯ ಇನ್ನೊಬ್ಬ ಇಲ್ಲ ಕಣೇ" ಅನ್ನುತ್ತಿದ್ದ.

"ಅದಕ್ಕೂ ಒಂದು ಪದಕ ಕೊಡಿಸೋಣ ಬಿಡು" ಅಂತ ನಾನು ರೇಗಿಸುತ್ತಿದ್ದೆ.

ಒಂದು ಸೋಮವಾರ ಥಾಲಿಯಾ ನಮ್ಮಿಬ್ಬರನ್ನೂ ಕರೆದಳು. ಥಾಲಿಯಾ ಗ್ರೀಸಿನವಳು, ಡಾಕ್ಟರೇಟ್ ಮಾಡಿದವಳು, ನಮ್ಮ ಅಂಕಿಗಳನ್ನು ಜರಡಿ ಹಿಡಿದು ವರದಿ ಬರೆಯುವವಳು. ವರದಿ ಗುರುವಾರ ಬ್ರಸೆಲ್ಸ್ ಸೇರಬೇಕಿತ್ತು. ತಾರ್ಚೀಸಿಯೊ ಓಡಿಸಿದ ಇನ್ನೂರ ಹನ್ನೆರಡು ಸುತ್ತುಗಳ ವೇಗವನ್ನು ಅವಳು ಪರದೆಯ ಮೇಲೆ ಗೆರೆಗಳಾಗಿ ಎಳೆದಿದ್ದಳು. ನಲವತ್ತೊಂದನೇ ಕಿಲೋಮೀಟರಿನಲ್ಲಿ ಎಲ್ಲ ಗೆರೆಗಳೂ ಒಟ್ಟಿಗೆ ಕುಸಿದಿದ್ದವು. ಐವತ್ತರಿಂದ ಇಪ್ಪತ್ತೆರಡಕ್ಕೆ, ಒಂಬತ್ತು ಸೆಕೆಂಡು. ಆಮೇಲೆ ಮತ್ತೆ ಐವತ್ತು.

"ಇಲ್ಲೇನಿದೆ ತಾರ್ಚೀಸಿಯೊ ಅವ್ರೇ? ಸಿಗ್ನಲ್ಲಾ? ಶಾಲೆನಾ?"

"ಏನೂ ಇಲ್ಲ ಡಾಕ್ಟ್ರೇ. ಬರೀ ಏರು, ಒಂದು ತಿರುವು."

"ಮತ್ತೆ ಯಾಕೆ ನಿಧಾನ ಮಾಡ್ತೀರಾ?"

"ನಾನಾ? ನಾನೆಲ್ಲಿ ಮಾಡ್ತೀನಿ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಗೊತ್ತೇ ಇರಲಿಲ್ಲ. ಪಕ್ಕದಲ್ಲೇ ಕೂತ ನನಗೂ ಗೊತ್ತಿರಲಿಲ್ಲ ಅನ್ನುವುದು ಇನ್ನೂ ನಾಚಿಕೆಗೇಡು. ನನ್ನ ಕಣ್ಣು ಯಾವಾಗಲೂ ಲ್ಯಾಪ್‌ಟಾಪಿನ ಮೇಲೆ.

ಏರಿನಲ್ಲಿ ಹೀಗೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಮತ್ತೆ ಒತ್ತಿದರೆ ಇಂಜಿನ್ ಒಮ್ಮೆಲೇ ಕೆಟ್ಟ ಹೊಗೆ ಕಕ್ಕುತ್ತದೆ. "ಕಾರು ಕಂಪನಿಗಳ ವಕೀಲರು ಇಂಥದ್ದಕ್ಕೇ ಕಾಯ್ತಿರೋದು" ಅಂದಳು ಥಾಲಿಯಾ. "ನಮ್ಮ ಕಾರು ನೆಟ್ಟಗೇ ಇದೆ, ನಿಮ್ಮ ಡ್ರೈವರೇ ಹೊಗೆ ಎಬ್ಬಿಸಿದ್ದು ಅಂತಾರೆ. ಒಂಬತ್ತು ಸೆಕೆಂಡು ಕತ್ತರಿಸಿ ಹಾಕೋ ಹಾಗಿಲ್ಲ. ಸುತ್ತು ಇಟ್ರೆ ಪೂರ್ತಿ ಇಡಬೇಕು, ಬಿಟ್ರೆ ಪೂರ್ತಿ ಬಿಡಬೇಕು. ಎಲ್ಲರೂ ಅಲ್ಲಿ ನಿಧಾನ ಮಾಡ್ತಾರೆ ಅಂತಾದ್ರೆ ಪರವಾಗಿಲ್ಲ. ನೀವೊಬ್ರೇ ಅಂತಾದ್ರೆ, ಇನ್ನೂರ ಹನ್ನೆರಡೂ ಹೋಯ್ತು."

ಅವನ ಕೈಯಿಂದ ಸ್ಟೀರಿಂಗೂ ಹೋಗುತ್ತದೆ ಎಂದು ಅವಳು ಹೇಳಲಿಲ್ಲ. ಸಾಮಾನ್ಯನಲ್ಲದವನಿಗೆ ಅಲ್ಲೇನು ಕೆಲಸ?

ಮಂಗಳವಾರ ಹೊರಟೆವು. ಅವನು ದಿನಾ ತರುವ ಮೊರ್ತದೆಲ್ಲಾ ಮಾಂಸದ ಬ್ರೆಡ್ಡಿನ ಪೊಟ್ಟಣ ಬಿಚ್ಚಲೇ ಇಲ್ಲ. ಮೂವತ್ತೈದನೇ ಕಿಲೋಮೀಟರ್ ದಾಟಿತು. ಅವತ್ತು ಮೊದಲ ಸಲ ನಾನು ಲ್ಯಾಪ್‌ಟಾಪ್ ಬಿಟ್ಟು ಅವನ ಬಲಗಾಲು ನೋಡುತ್ತಿದ್ದೆ.

"ಈ ಸಲ ಎತ್ತಲ್ಲ ನೋಡು" ಅಂದ. ತಿರುವು ಬಂತು, ಬಲಗಡೆ ಒಂದು ಕಲ್ಲಿನ ಗೋಡೆ ಬಂತು, ಕಾಲು ತನ್ನಷ್ಟಕ್ಕೆ ತಾನೇ ಎದ್ದು ಬ್ರೇಕಿನ ಮೇಲೆ ಕೂತಿತು. ಇಪ್ಪತ್ತೆರಡು.

ಅವನು ಮುಂದೆ ಹೋಗಿ ಕಾರು ನಿಲ್ಲಿಸಿದ. ಬಹಳ ಹೊತ್ತು ಕನ್ನಡಿಯಲ್ಲಿ ಆ ಗೋಡೆಯನ್ನೇ ನೋಡಿದ.

"ಅಲ್ಲೊಂದು ತೋಟದ ಗೇಟಿತ್ತು ಮಿರೆಲ್ಲಾ. ನೀನು ಬರೋಕೆ ಮುಂಚೆ. ಎರ್ಸಿಲಿಯಾ ಅಂತ ಒಬ್ಬಳು ಮುದುಕಿ, ಹುಲ್ಲಿನ ಕೈಗಾಡಿ ತಳ್ಕೊಂಡು ಸೀದಾ ರಸ್ತೆಗೆ ಬಂದ್ಲು. ಗೇಣು ದೂರದಲ್ಲಿ ನಿಲ್ಸಿದೆ. ನನ್ನ ವಂಶದವರನ್ನೆಲ್ಲ ಹೆಸರಿಟ್ಟು ಬೈದ್ಲು. ಆಮೇಲೆ ಪ್ರತಿ ಸಲ ಅಲ್ಲಿ ನಿಧಾನ ಮಾಡಿ ಕೈ ಬೀಸ್ತಿದ್ದೆ, ಅವಳು ಬೈತಿದ್ಲು. ಸತ್ತು ಎಷ್ಟೋ ವರ್ಷ ಆಯ್ತು. ಮಗ ಗೇಟು ಕಿತ್ತು ಗೋಡೆ ಕಟ್ಟಿಸ್ದ."

"ಥಾಲಿಯಾಗೆ ಹೇಳೋಣವಾ?"

"ಏನಂತ? ಸತ್ತ ಮುದುಕಿಗೆ ದಾರಿ ಬಿಡ್ತೀನಿ ಅಂತಾನಾ?"

ಥಾಲಿಯಾಗೆ ಗೇಟಿನ ವಿಷಯ ಹೇಳದೆ ಸುತ್ತು ಮುಗಿಸಿದೆವು.

ಬುಧವಾರ ಬೆಳಿಗ್ಗೆ ಥಾಲಿಯಾ ನನಗೇ ಓಡಿಸಲು ಹೇಳಿದಳು. ಪರೀಕ್ಷೆಯ ಕಾರು ಓಡಿಸುವ ಪರವಾನಗಿ ನನಗೂ ಇದೆ. ತಾರ್ಚೀಸಿಯೊ ನನ್ನ ಸೀಟಿನಲ್ಲಿ ಕೂತ. ನಾನು ಕಾಲು ಎತ್ತದಿದ್ದರೆ ಅವನ ಕಥೆ ಮುಗಿಯಿತು; ಬೇಕೆಂದೇ ಎತ್ತಿದರೆ ನಾನು ಮೋಸಗಾರ್ತಿ. ಎತ್ತಬಾರದು ಎಂದು ಹಲ್ಲು ಕಚ್ಚಿಕೊಂಡೆ. ಗೋಡೆ ಬಂತು. ನನ್ನ ಕಾಲೂ ಎದ್ದಿತು. ನಾನು ಆ ಗೇಟನ್ನು ಒಮ್ಮೆಯೂ ನೋಡಿದವಳಲ್ಲ.

ಥಾಲಿಯಾ ಪರದೆ ನೋಡಿ ಕುರ್ಚಿಗೆ ಒರಗಿದಳು. ಎರಡು ದಿನದ ಮೇಲೆ ಅವಳ ಮುಖದಲ್ಲಿ ನಗು ಬಂದಿತ್ತು. "ಇಬ್ಬರದ್ದೂ ಒಂದೇ. ಹಾಗಾದ್ರೆ ಇದು ರಸ್ತೆಯ ಗುಣ, ಡ್ರೈವರದ್ದಲ್ಲ. ಬಚಾವಾದ್ವಿ."

ನಿಜ ನಾನು ಹೇಳಬೇಕಿತ್ತು. ಹೇಳಿದವನು ತಾರ್ಚೀಸಿಯೊ.

"ಇಲ್ಲ ಡಾಕ್ಟ್ರೇ. ಇವಳು ನನ್ನಿಂದ ಕಲಿತಿದ್ದಾಳೆ, ಇವಳಿಗೇ ಗೊತ್ತಿಲ್ಲ. ನನ್ನ ಪಕ್ಕ ಯಾವತ್ತೂ ಕೂರದೇ ಇರೋರನ್ನ ಕಳ್ಸಿ."

"ಸುಮ್ನಿರೋ ಮಾರಾಯ" ಅಂದೆ ನಾನು, ಥಾಲಿಯಾಗೂ ಕೇಳುವಷ್ಟು ಗಟ್ಟಿಯಾಗಿ.

"ಹನ್ನೊಂದು ವರ್ಷ ಹೊಗೆ ನೋಡಿದ್ದು ಸುಮ್ನಿರೋಕಾ?" ಅಂದ.

ಮಧ್ಯಾಹ್ನ ಲಿಯೊನೊರ್ ಬಂದಳು. ಹಡಗುಗಳ ಹೊಗೆ ಅಳೆಯುವ ವಿಭಾಗದ ಪೋರ್ಚುಗೀಸ್ ಹುಡುಗಿ, ಬಂದು ಎರಡು ತಿಂಗಳಾಗಿತ್ತು, ಆ ಗುಡ್ಡ ನೋಡಿದವಳೇ ಅಲ್ಲ. ಅವಳಿಗೆ ನಾವು ಏನೂ ಹೇಳಲಿಲ್ಲ. ನಾನು ಪಕ್ಕದಲ್ಲಿ, ಅವನು ಹಿಂದೆ. ಮೂವತ್ತೊಂಬತ್ತನೇ ಕಿಲೋಮೀಟರ್, ನಲವತ್ತು. ಎತ್ತು ತಾಯಿ, ಎತ್ತು, ಅಂತ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ತಿರುವು ಬಂತು. ಲಿಯೊನೊರ್ ತಮ್ಮೂರಿನ ಮೀನು ಸಾರಿನ ವಿಷಯ ಹೇಳುತ್ತ ಐವತ್ತರಲ್ಲೇ ಗೋಡೆ ದಾಟಿದಳು. ಹಿಂದಿನ ಸೀಟಿನಲ್ಲಿ ಬೂಟು ಕಾಲಡಿಯ ಚಾಪೆಯನ್ನು ಒತ್ತಿದ ಸದ್ದು ಕೇಳಿತು. ಕೆಳಗೆ ನೋಡಿದರೆ ನನ್ನ ಕಾಲೂ ಬ್ರೇಕು ಒತ್ತುವ ಹಾಗೆ ಚಾಪೆ ಒತ್ತಿ ಹಿಡಿದಿತ್ತು.

"ಹೋಯ್ತು" ಅಂದ ತಾರ್ಚೀಸಿಯೊ.

ಸಂಜೆ ಥಾಲಿಯಾ ಇನ್ನೂರ ಹನ್ನೆರಡು ಸುತ್ತುಗಳನ್ನೂ ವರದಿಯಿಂದ ತೆಗೆದಳು. ಬಿಟ್ಟ ಸುತ್ತುಗಳ ಪಟ್ಟಿಯಲ್ಲಿ ಕಾರಣ ಬರೆಯಲು ಒಂದು ಖಾನೆ ಇರುತ್ತದೆ.

"ಏನಂತ ಬರೀಲಿ ತಾರ್ಚೀಸಿಯೊ ಅವ್ರೇ?"

"ಗೇಟು ಅಂತ ಬರೀರಿ."

"ಅಲ್ಲಿ ಗೇಟಿಲ್ವಲ್ಲ."

"ಇತ್ತು" ಅಂದು ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟ.

ಈಗ ಅವನು ವರ್ಕ್‌ಶಾಪಿನಲ್ಲಿ ಪೆಟ್ಟಿಗೆಗಳನ್ನು ಸರಿಮಾಡುತ್ತಾನೆ. ನಾನು ಪಕ್ಕದ ಸೀಟಿನಲ್ಲೇ ಇದ್ದೇನೆ. ಓಡಿಸುವವರನ್ನು ಮೂರು ತಿಂಗಳಿಗೊಮ್ಮೆ ಬದಲಾಯಿಸುತ್ತಾರೆ. ಆ ಗೋಡೆ ಬಂದಾಗ ಈಗಲೂ ನನ್ನ ಕಾಲು ಚಾಪೆ ಒತ್ತುತ್ತದೆ. ಕಾರು ಐವತ್ತರಲ್ಲೇ ಹೋಗುತ್ತದೆ.