ಕಸ್ತೂರಿಯವರ ಬೆಡಗು

ಕಸ್ತೂರಿಯವರೇ, ನಿಮ್ಮ ಲಗ್ನದ ಬಯೋಡಾಟಾದಲ್ಲಿ ಬೆಡಗಿನ, ಅಂದರೆ ಗೋತ್ರದ, ಹೆಸರು ಬದಲಾಯಿಸಿದವನು ನಾನು. ನಿಮ್ಮ ಬೆರಳು ತಪ್ಪಿದ್ದಲ್ಲ, ವೈರಸ್ಸೂ ಅಲ್ಲ — ನಾನೇ.

ಗೋಕುಲ ರಸ್ತೆಯ ನಮ್ಮ ಪಂಪಿನ ಕಾರ್ಖಾನೆಗೆ ಆಗಷ್ಟೇ ನೆಟ್‌ವರ್ಕ್ ಬಂದಿತ್ತು. ನಿಮ್ಮ ಕಂಪ್ಯೂಟರ್ ಮುಂದಿನ ಆಫೀಸಿನಲ್ಲಿ, ನನ್ನದು ಹಿಂದಿನ ಗೋದಾಮಿನಲ್ಲಿ. ಬಿಲ್ಲು ನೋಡಲು ನಾನು ಓಡಾಡುವುದು ತಪ್ಪಲಿ ಎಂದು ನಿಮ್ಮ ಫೋಲ್ಡರನ್ನು ನನ್ನ ಪರದೆಯ ಮೇಲೂ ತೆರೆಯುವಂತೆ ಝಡ್ ಡ್ರೈವ್ ಮಾಡಿ ಕೊಟ್ಟರು; ನಾನಲ್ಲಿ ತಿದ್ದಿದರೆ ನಿಮ್ಮಲ್ಲೂ ತಿದ್ದಿದಂತೆ. ಬಿಲ್ಲುಗಳ ಜೊತೆಗೆ ನಿಮ್ಮ ಬಯೋಡಾಟಾ, ನಿಮಗೆ ನೋಡಿದ್ದ ಗರಗ ಊರಿನ ವರನದು — ಎಲ್ಲ ನನ್ನ ಮುಂದೆ ಬಂದು ಕುಳಿತವು. ತೆರೆಯಬಾರದಿತ್ತು. ತೆರೆದೆ. ನೀವು ನನಗೆ ಬೇಕಾಗಿದ್ದಿರಿ. ಹೇಳುವ ಧೈರ್ಯ ಮಾತ್ರ — ಹೋಗಲಿ ಬಿಡಿ.

ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ, ಲಗ್ನ ಕೂಡದು — ಇಷ್ಟು ನನಗೆ ಗೊತ್ತಿತ್ತು. ಗೋದಾಮಿನಲ್ಲಿ ಕುಳಿತಲ್ಲಿಯೇ ನಿಮ್ಮ ಬೆಡಗು ಅಳಿಸಿ, ವರನ ಬೆಡಗು ಬರೆದು, ಸೇವ್ ಒತ್ತಿದೆ. ನೀವು ಪ್ರಿಂಟ್ ತೆಗೆದು ಕಳಿಸಿದಿರಿ. ನಿಮ್ಮ ಮನೆಯಲ್ಲಿ ಯಾರೂ ಓದಿ ನೋಡಲಿಲ್ಲ. ಮಗಳ ಬೆಡಗು ಬದಲಾಗಿದೆಯೇ ಎಂದು ಯಾವ ಅಪ್ಪ ತಾನೇ ಪರೀಕ್ಷಿಸುತ್ತಾನೆ? ಗರಗದವರು "ಕೂಡಿ ಬರಂಗಿಲ್ರಿ" ಎಂದು ಸುಮ್ಮನಾದರು. ಆ ದಿನ ನಾನು ಎರಡು ಪ್ಲೇಟ್ ಮಿರ್ಚಿ ತಿಂದೆ.

ಆ ಸಂತೋಷದಲ್ಲಿ ಬೆಡಗನ್ನು ಮತ್ತೆ ತಿದ್ದುವುದು ಮರೆತೇ ಹೋಯಿತು. ಅದೇ ಬಯೋಡಾಟಾದ ಇನ್ನೊಂದು ಪ್ರಿಂಟನ್ನು ಮಾಳಮಡ್ಡಿಯ ನಮ್ಮ ಮನೆಗೆ ಒಯ್ದು, ನಿಮ್ಮನ್ನು ನನಗೆ ಕೇಳಲಿ ಎಂದು ಅವ್ವನ ಕೈಗೆ ಕೊಟ್ಟೆ.

"ಅಯ್ಯ ಮಂಗ್ಯಾ, ಈಕಿ ನಮ್ಮ ಬೆಡಗಿನಾಕಿ. ನಿನಗ ತಂಗಿ ಆಗಬೇಕು!"

ವರನ ಬೆಡಗೂ ನಮ್ಮದೂ ಒಂದೇ ಎಂದು ನನಗೇನು ಗೊತ್ತು — ನನ್ನ ಬೆಡಗು ಯಾವುದೆಂದು ಅಲ್ಲಿಯತನಕ ನಾನು ಕೇಳಿರಲೇ ಇಲ್ಲ. ಮರುದಿನ ಅವಸರದಿಂದ ಸರಿಪಡಿಸಿ ಹೊಸ ಹಾಳೆ ತಂದೆ. ಅವ್ವ ಎರಡನ್ನೂ ಪಕ್ಕಪಕ್ಕ ಹಿಡಿದಳು.

"ನಿನ್ನಿ ತಂಗಿ, ಇವತ್ತ ಹೆಂಡ್ತಿ? ಬೆಡಗ ಬದಲ ಮಾಡೂ ಮನಿತನ ನಮಗ ಬ್ಯಾಡಪಾ."

ಅವ್ವ ಅಷ್ಟಕ್ಕೇ ಬಿಡಲಿಲ್ಲ. ನಿಮ್ಮದು ಬೆಡಗು ಬದಲಿಸುವ ಮನೆತನವೆಂದು ಮಾಳಮಡ್ಡಿಯಲ್ಲಿ ಆಡಿದ ಮಾತು ಗರಗದವರೆಗೂ ಹೋಯಿತು, ಅಲ್ಲಿದ್ದ ತಪ್ಪು ಬೆಡಗಿನ ಹಾಳೆ ಅದನ್ನು ಖರೇ ಮಾಡಿತು. ನಿಮ್ಮನ್ನು ನೋಡಲು ಬರುತ್ತೇವೆಂದವರು ಬರದಾದರು. "ಅಪ್ಪಾರು ಹೊರಗ ಹೋಗೂದಽ ಬಿಟ್ಟಾರ್ರಿ" ಎಂದು ನೀವು ಆಫೀಸಿನಲ್ಲಿ ಕಣ್ಣೊರೆಸಿಕೊಂಡಿರಿ. ನಾನು ಚಹಾ ತರಿಸಿಕೊಟ್ಟೆ. ಒಂದು ಮಾತು ಹೇಳಿದ್ದರೆ — ಚಹಾ ತರಿಸಿಕೊಟ್ಟೆ, ಅಷ್ಟೇ.

ನಿಮ್ಮ ಲಗ್ನ ಬಹಳ ತಡವಾಗಿ ಆಯಿತು. ನಾಚಿಕೆಯಿಂದ ನಾನು ಊಟಕ್ಕೂ ಬರಲಿಲ್ಲ. ಮೊನ್ನೆ ಅವ್ವ ಬೀಗರ ಮುಂದೆ ಮತ್ತೆ ಅದೇ ಕತೆ ತೆಗೆದಾಗ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಅವ್ವ ಬೀಗರ ಮುಂದೆಯೇ ನನ್ನತ್ತ ತಿರುಗಿದಳು.

"ಇಷ್ಟ ವರ್ಷ ನನ್ನ ಬಾಯಿಲೆ ಸುಳ್ಳ ಆಡಿಸಿದೆಲ್ಲೋ! ಮೊದಲ ಆಕಿ ಮನಿ ತೋರಸು."

ಈ ಆದಿತ್ಯವಾರ ಇಬ್ಬರೂ ಬರುತ್ತೇವೆ. ತನ್ನ ಪಾಲಿನ ತಪ್ಪನ್ನು ಅವ್ವ ತಾನೇ ಒಪ್ಪಿಕೊಳ್ಳುತ್ತಾಳಂತೆ. ಸಾಧ್ಯವಾದರೆ ನಿಮ್ಮ ತಂದೆಯವರನ್ನೂ ಕರೆಸಿರಿ. ಅವರು ಬಾಗಿಲಲ್ಲೇ ನಿಲ್ಲಿಸಿದರೂ ಸರಿ — ಅಲ್ಲಿಂದಲೇ, ಓಣಿಗೆಲ್ಲ ಕೇಳುವಂತೆ ಹೇಳುತ್ತೇನೆ.