ಗಂಗಕ್ಕ ಕೊಟ್ಟ ಫೋಟೋ

'ಇವತ್ತು ನೀರೆಷ್ಟು ಹಾಕಿದಿ?' ಅಂತ ಹಾಲಿನ ಭೈಯಾನ ಮುಖಕ್ಕೇ ಕೇಳುವಷ್ಟು ಧೈರ್ಯ ನನಗಿದ್ದ ಕಾಲ ಅದು. ನನಗೆ ಒಂಬತ್ತೋ ಹತ್ತೋ ವರ್ಷ. ಸ್ವಾತಂತ್ರ್ಯಕ್ಕೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಮುಂಬಯಿಯ ಮಾಟುಂಗದ ನಮ್ಮ ಚಾಳಿನ ಕೆಳಗೆ ಒಂದು ಉಡುಪಿ ಹೋಟೆಲು, ಮೇಲೆ ಮೂರು ಮಾಳಿಗೆ, ಮಾಳಿಗೆಗೊಂದು ಉದ್ದನೆಯ ಗ್ಯಾಲರಿ. ಬೆಳಿಗ್ಗೆ ಸಾಂಬಾರಿನ ಇಂಗು ಮೂಗಿಗೆ ಬಡಿಯಿತೆಂದರೆ ಏಳುವ ಹೊತ್ತಾಯಿತು ಅಂತಲೇ ಅರ್ಥ. ಆ ಗ್ಯಾಲರಿಯಲ್ಲಿ ನನ್ನ ಜೊತೆ ಕುಂಟಾಬಿಲ್ಲೆ ಆಡಿದವರು ಈಗ ಎಲ್ಲೆಲ್ಲಿದ್ದಾರೋ, ಇದನ್ನು ಓದಿದರೆ ಅವರಿಗೂ ಆ ವಾಸನೆ ಬಂದೀತು.

ಅನುಮಾನ ನನಗೆ ಅಪ್ಪನಿಂದ ಬಂದದ್ದು. ಧಾರವಾಡದಿಂದ ಬಂದು ಫೋರ್ಟ್ ಕಡೆಯ ಒಂದು ಕಚೇರಿಯಲ್ಲಿ ಕಾರಕೂನಿಕೆ ಮಾಡುತ್ತಿದ್ದ ಅಪ್ಪ ಪೇಪರಿನ ಒಂದೊಂದು ಸುದ್ದಿಗೂ 'ಇದರಾಗ ಏನೋ ಅದ' ಅನ್ನುತ್ತಿದ್ದರು. ನಾನು ಬಟಾಟೆ ತೂಗುವವನ ತಕ್ಕಡಿಯ ಕೆಳಗೆ ಬಗ್ಗಿ ನೋಡುತ್ತಿದ್ದೆ. ನೆಂಟರು ಯಾಕೆ ಬಂದರು, ಯಾಕೆ ಇನ್ನೂ ಹೋಗಲಿಲ್ಲ ಅಂತ ಅವ್ವನ ಕಿವಿಯಲ್ಲಿ ಕೇಳಿ ಬೈಸಿಕೊಳ್ಳುತ್ತಿದ್ದೆ. ಚಾಳಿನ ತುಂಬ ನನ್ನ ಹೆಸರು ಸಿಐಡಿ ಶಕ್ಕು.

ನನ್ನ ದೊಡ್ಡ ಕೇಸು ಗಂಗಕ್ಕ. ಗ್ಯಾಲರಿಯ ತುದಿಯ ಖೋಲಿಯಲ್ಲಿ ಒಬ್ಬಳೇ ಇದ್ದಳು. ಬೆಳಗಾವಿ ಕಡೆಯ ಹಳ್ಳಿಯವಳು. ಮನೆಮಂದಿಯನ್ನು ಊರಲ್ಲಿ ಬಿಟ್ಟು ದುಡಿಯಲು ಬಂದ ಗಂಡಸರಿಗೆ ರೊಟ್ಟಿ ತಟ್ಟಿ ಕೊಟ್ಟು ಬದುಕುತ್ತಿದ್ದಳು. ಆಕೆ ಕಲ್ಲಿನಲ್ಲಿ ಶೇಂಗಾ ಚಟ್ನಿ ಕುಟ್ಟತೊಡಗಿದರೆ ಬೆಳ್ಳುಳ್ಳಿ ಖಾರದ ಘಾಟು ಮೂರೂ ಮಾಳಿಗೆ ಹತ್ತುತ್ತಿತ್ತು, ಮಂಗಳೂರು ಕಡೆಯ ಹೆಂಗಸರು ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ ಒಂದು ಬಟ್ಟಲು ಕೇಳಿ ಒಯ್ಯುತ್ತಿದ್ದರು. ಕೈತುಂಬ ಹಸಿರು ಬಳೆ, ಹಣೆಯಲ್ಲಿ ಎಂಟಾಣೆಯಷ್ಟು ಕುಂಕುಮ. ಗಂಡ ಮಾತ್ರ ಇಲ್ಲ. ಭಾನುವಾರ ಮಧ್ಯಾಹ್ನ ತಲೆ ಬಾಚಿ, ಹೂ ಮುಡಿದು ಎಲ್ಲಿಗೋ ಹೋಗುತ್ತಾಳೆ. ಎಲ್ಲಿಗೆ? ಚಾಳಿನ ಹೆಂಗಸರಿಗೆ ಈ ಪ್ರಶ್ನೆಯ ಮೇಲೆ ಒಂದು ತಾಸು ಆರಾಮಾಗಿ ಕಳೆಯುತ್ತಿತ್ತು.

ಒಂದು ಭಾನುವಾರ ನಾನು ಹಿಂದೆ ಬಿದ್ದೆ. ಆಕೆ ನಡೆದೇ ದಾದರ್ ಸ್ಟೇಷನ್ನಿಗೆ ಹೋದಳು, ಸೇತುವೆಯ ಮೇಲೆ ನಿಂತಳು. ದೂರದ ಗಾಡಿ ಬಂದಾಗ ಖಾಕಿ ತೊಟ್ಟು ಇಳಿದ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಗಾಡಿ ಖಾಲಿಯಾದ ಮೇಲೆ ಹಿಂದೆ ತಿರುಗದೆಯೇ ಹೇಳಿದಳು:

"ಕಂಬದ ಹಿಂದ ಯಾಕ ನಿಂತಿ ಶಕ್ಕೂ, ಈಚಿಗೆ ಬಾ. ಚಣಾ ತಿಂತಿ ಏನು?"

ಚಣಾ ತಿನ್ನುತ್ತಾ ಎಲ್ಲಾ ಕೇಳಿ ತಿಳಿದೆ. ಗಂಡ ಬಸಪ್ಪ, ದೊಡ್ಡ ಯುದ್ಧದಲ್ಲಿ ಇಂಗ್ಲಿಷರ ಪಲ್ಟನ್ನಿನ ಜೊತೆ ಬ್ರಹ್ಮದೇಶಕ್ಕೆ ಹೋದವನು. ಮದುವೆಯಾಗಿ ಕೂಡಿ ಇದ್ದದ್ದು ಎಂಟು ತಿಂಗಳು. ಆಮೇಲೆ ಒಂದು ಸರಕಾರಿ ಕಾಗದ ಬಂತು, ನಾಪತ್ತೆ ಅಂತ. ಸತ್ತ ಅನ್ನುವ ಕಾಗದ ಇವತ್ತಿನವರೆಗೂ ಬಂದಿಲ್ಲ.

"ಸತ್ತಿದ್ರ ಬರೀತಿದ್ರು. ಬರದಿಲ್ಲ ಅಂದ್ರ ಅದಾನ," ಅಂದಳು.

ಅವಳ ಗೋಡೆಗೆ ಬಸಪ್ಪನ ಫೋಟೋ ಇತ್ತು. ಇದ್ದದ್ದೇ ಅದೊಂದು. ಅಂಗೈ ಅಗಲದ್ದು, ಓರೆ ಟೊಪ್ಪಿಗೆ ಹಾಕಿ, ನಗು ತಡೆದುಕೊಂಡು ನಿಂತ ಹುಡುಗನಂಥ ಗಂಡಸು. ಒಂದು ಹುಬ್ಬಿನ ನಡುವೆ ಗೆರೆಯಂಥ ಗಾಯದ ಕಲೆ. "ಸಣ್ಣಾಂವ ಇದ್ದಾಗ ಎಮ್ಮಿ ಕೋಡು ತಾಗಿತ್ತಂತ," ಅಂತ ದಿನಾ ಅದರ ಗಾಜು ಒರೆಸುವಾಗ ಹೇಳುತ್ತಿದ್ದಳು, ಮೊದಲ ಸಲ ಹೇಳುವವಳ ಹಾಗೆ. ಆ ಭಾನುವಾರದಿಂದ ನಾನು ಅವಳ ಪಾರ್ಟಿ ಸೇರಿದೆ. ಹೆಂಗಸರು ಪಿಸುಗುಟ್ಟಿದರೆ ಕೆಮ್ಮುತ್ತಿದ್ದೆ.

ಆ ಚಳಿಗಾಲದ ಕೊನೆಗೆ ದೇಶದ ಎರಡನೇ ಚುನಾವಣೆ ಬಂತು. ಮುಂಬಯಿ ಯಾರಿಗೆ ಸೇರಬೇಕು ಅನ್ನುವ ಜಗಳ ಬೀದಿಗೆ ಬಂದಿದ್ದ ವರ್ಷಗಳು. ಲೋಕಲ್ ರೈಲಿನಲ್ಲಿ ಕನ್ನಡ ಮೆಲ್ಲಗೆ ಮಾತಾಡಿ ಅಂತ ಅಪ್ಪ ಹೇಳುತ್ತಿದ್ದರು, ವೋಟು ಕೇಳಲು ಬಂದವರು ಮಾತ್ರ ನಮ್ಮ ಜೊತೆ ಜೋರಾಗಿ ಕನ್ನಡ ಮಾತಾಡುತ್ತಿದ್ದರು. ಅವರಲ್ಲಿ ಒಬ್ಬನಿಗೆ ನಾವು ಮಕ್ಕಳು ಟೋಪಿ ಮಾಮಾ ಅನ್ನುತ್ತಿದ್ದೆವು. ಉಮೇದುವಾರರಾದ ಸಾಹೇಬರ ಬಲಗೈ ಇವನು ಅಂತ ಅವನೇ ಹೇಳಿಕೊಂಡಿದ್ದ. ಕಿಸೆ ತುಂಬ ತಗಡಿನ ಬಿಲ್ಲೆಗಳು, ಪಿನ್ನು ಹಾಕಿ ಎದೆಗೆ ಚುಚ್ಚಿಕೊಳ್ಳುವಂಥವು. ಆ ಬಿಲ್ಲೆಗಾಗಿ ನಾವು ಅವನ ಹಿಂದೆ ಎಲ್ಲಿಗೆ ಬೇಕಾದರೂ ಹೋಗುತ್ತಿದ್ದೆವು.

"ನಿಮ್ಮ ಬಿಲ್ಡಿಂಗಿನಲ್ಲಿ ಯಾರಾದ್ರೂ ಮಿಲಿಟ್ರಿಯವರು ಉಂಟಾ?" ಅಂತ ಅವನು ಕೇಳಿದಾಗ ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವಳು ನಾನು.

ಅವನನ್ನು ಗಂಗಕ್ಕನ ಖೋಲಿಗೆ ಕರೆದುಕೊಂಡು ಹೋದವಳೂ ನಾನೇ. ಅವನು ಕತೆ ಪೂರ್ತಿ ಕೇಳಿ, ಲೊಚಗುಟ್ಟಿ, ಗೋಡೆಯ ಕಡೆ ಕೈ ಚಾಚಿದ.

"ಫೋಟೋ ಕೊಡಿ ಬಾಯಿ. ಸಾಹೇಬರು ದಿಲ್ಲಿಯಲ್ಲೇ ವಿಚಾರಿಸ್ತಾರೆ. ಸಭೆಯ ದಿನ ಸ್ಟೇಜಿಗೆ ಕರೆದು ಅವರೇ ಹೇಳ್ತಾರೆ. ಕಾಮ್ ಹೋ ಗಯಾ ಸಮಝೋ, ಕೆಲಸ ಆಯ್ತು ಅಂತಲೇ ತಿಳ್ಕೊಳ್ಳಿ."

ಅವಳು ಫೋಟೋ ಇಳಿಸಿ, ಸೆರಗಿನಿಂದ ಒರೆಸಿ, ಅವನ ಕೈಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟಳು. "ನೀ ಹಿಡಕೊಂಡು ಹೋಗಿ ಆಫೀಸಿನ್ಯಾಗ ಇಟ್ಟು ಬಾ. ಗಾಜು ಐತಿ," ಅಂದಳು. ಎರಡು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು, ಸಾಹೇಬರ ಚುನಾವಣಾ ಆಫೀಸಿನ ಮೇಜಿನ ಮೇಲಿಟ್ಟು ಬಂದೆ. ಒಡೆಯಲಿಲ್ಲ.

ಸಭೆಯ ದಿನ ಮಧ್ಯಾಹ್ನದಿಂದಲೇ ನಾವು ಮಕ್ಕಳು ಮೈದಾನದಲ್ಲಿ ಮಂಟಪದ ಮುಂದೆ ಜಾಗ ಹಿಡಿದು ಕೂತಿದ್ದೆವು. ಮುಂದಿನ ಸಾಲಿನವರಿಗೆ ಬಿಲ್ಲೆ ಹಂಚುತ್ತಾರಂತೆ. ಹಸಿ ಬಿದಿರು, ಬಾಡಿಗೆ ಚಾಪೆಗಳ ಮುಗ್ಗಲು ವಾಸನೆ. ಟೋಪಿ ಮಾಮಾ ಬಾಳೆಲೆಯ ಪೊಟ್ಟಣ ಬಿಚ್ಚಿದ. ಒಂದು ಗುಲಾಬಿಯ ದಪ್ಪ ಹಾರ, ಅದು ಸಾಹೇಬರಿಗೆ. ಜೊತೆಗೆ ಚೆಂಡುಹೂವಿನ ಒಂದು ಪುಟ್ಟ ಮಾಲೆ, ಮನುಷ್ಯರ ಕೊರಳಿಗೆ ಹಿಡಿಸದಷ್ಟು ಚಿಕ್ಕದು.

"ಇದು ಯಾರಿಗೆ?" ಅಂದೆ.

"ಫೋಟೋಕ್ಕೆ," ಅಂದ.

ನಮ್ಮ ಮನೆಯಲ್ಲಿ ಮಾಲೆ ಇದ್ದದ್ದು ದೇವರ ಪಟಕ್ಕೆ ಮತ್ತು ಅಜ್ಜನ ಫೋಟೋಕ್ಕೆ. ಒಮ್ಮೆ ಆಟಕ್ಕೆ ಅಪ್ಪನ ಫೋಟೋಕ್ಕೆ ಮಲ್ಲಿಗೆ ಎಸಳು ಸಿಗಿಸಿದ್ದಕ್ಕೆ ಅವ್ವ ನನ್ನ ಬೆನ್ನ ಮೇಲೆ ಬಾರಿಸಿದ್ದಳು. ಬದುಕಿದ್ದವರ ಫೋಟೋಕ್ಕೆ ಮಾಲೆ ಹಾಕುವುದಿಲ್ಲ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಚಾಳು ಐದು ನಿಮಿಷದ ದಾರಿ. ಓಡಿ ಹೋಗಿ ಗಂಗಕ್ಕನಿಗೆ ಹೇಳಿದ್ದರೆ ಸಾಕಿತ್ತು. ಆದರೆ ಎದ್ದರೆ ಜಾಗ ಹೋಗುತ್ತದೆ, ಜಾಗ ಹೋದರೆ ಬಿಲ್ಲೆ ಹೋಗುತ್ತದೆ. ಊರಿನವರ ಮೇಲೆಲ್ಲ ಅನುಮಾನಪಟ್ಟು ಓಡಾಡಿದವಳು, ನಿಜವಾದ ಆ ಒಂದು ಅನುಮಾನವನ್ನು ನುಂಗಿಕೊಂಡು ಕೂತೆ. ಆ ಹುಡುಗಿಯ ಮೇಲೆ ನನಗೆ ಇವತ್ತಿಗೂ ಸಿಟ್ಟು ಹೋಗಿಲ್ಲ.

ಸಂಜೆ ಗಂಗಕ್ಕ ಬಂದಳು. ಹಸಿರು ಇಳಕಲ್ ಸೀರೆ, ಹೊಸ ಬಳೆ, ಮದುವೆಗೆ ಹೊರಟವಳ ಹಾಗಿದ್ದಳು. ದೂರದಿಂದ ನನ್ನನ್ನು ನೋಡಿ ನಕ್ಕಳು. ನಾನು ಬೇರೆ ಕಡೆ ನೋಡಿದೆ.

ಸಾಹೇಬರು ತಡವಾಗಿ ಬಂದು ತುಂಬಾ ಹೊತ್ತು ಮಾತಾಡಿದರು. ಮಧ್ಯೆ ಟೋಪಿ ಮಾಮಾ ಒಂದು ಚೀಟಿ ಕೊಟ್ಟ. ಅದನ್ನು ನೋಡಿ, ನಮ್ಮ ಈ ಕೇರಿಯ ಸುಪುತ್ರ ಇಂಗ್ಲಿಷರನ್ನು ದೇಶದಿಂದ ಓಡಿಸಲು ಪ್ರಾಣ ಕೊಟ್ಟ ಹುತಾತ್ಮ, ಅವನ ಪತ್ನಿ ಇಲ್ಲೇ ಇದ್ದಾಳೆ, ವೇದಿಕೆಗೆ ಬರಲಿ ಅಂದರು.

ಹಿಂದೆ ನಿಂತಿದ್ದ ಅಪ್ಪ ಗೊಣಗಿದ್ದು ನನಗೆ ಕೇಳಿಸಿತು: "ಅಂವಾ ಇದ್ದದ್ದ ಇಂಗ್ಲಿಷರ ಪಲ್ಟನ್ನಿನ್ಯಾಗ. ಯಾವ ಯುದ್ಧ ಅಂತ ಸುದ್ದಾ ಗೊತ್ತಿಲ್ಲ ಈತಗ."

ಗಂಗಕ್ಕನಿಗೆ ಸಾಹೇಬರ ಹಿಂದಿ ಪೂರ್ತಿ ತಿಳಿಯಲಿಲ್ಲ. ಕರೆದರು ಅನ್ನುವುದಷ್ಟೇ ತಿಳಿದು ಮೆಟ್ಟಿಲು ಹತ್ತಿದಳು, ಸುದ್ದಿ ಬಂದಿದೆ ಅನ್ನುವ ಮುಖ ಹೊತ್ತು. ಸಾಹೇಬರು ಚಪ್ಪಲಿ ಬಿಟ್ಟು, ಮೇಜಿನ ಮೇಲಿದ್ದ ಬಸಪ್ಪನ ಫೋಟೋಕ್ಕೆ ಚೆಂಡುಹೂವಿನ ಮಾಲೆ ಹಾಕಿ ಕೈ ಮುಗಿದರು. ಜನ ಚಪ್ಪಾಳೆ ತಟ್ಟಿದರು.

ಅದು ಅವಳಿಗೆ ತಿಳಿಯಿತು. ಮುಂದೆ ಬಂದು, ಮಾಲೆ ತೆಗೆದು ಮೇಜಿನ ಮೇಲಿಟ್ಟಳು. ಸಾಹೇಬರ ಮುಂದಿನ ಮೈಕಿನಲ್ಲಿ ಅವಳ ದನಿ ಮೈದಾನಕ್ಕೆಲ್ಲ ಕೇಳಿಸಿತು.

"ಕಾಗದಾ ಬಂದೈತೇನ್ರಿ?"

ಸಾಹೇಬರು ಟೋಪಿ ಮಾಮಾನ ಮುಖ ನೋಡಿದರು. ಅವನು ಚೀಟಿ ನೋಡಿದ.

"ನನ್ನ ಗಂಡ ಸತ್ತಾನಂತ ನಿಮಗ ಯಾರು ಹೇಳಿದ್ರು?"

ಸಾಹೇಬರು ಅವಳಿಗೂ ಕೈ ಮುಗಿದು, ಈ ತಾಯಿಯ ದುಃಖ ಇಡೀ ದೇಶದ ದುಃಖ ಅಂದರು. ಯಾರೋ ಜಯಕಾರ ಹಾಕಿದರು, ಬ್ಯಾಂಡು ಶುರುವಾಯಿತು. ಅವಳು ಫೋಟೋಕ್ಕೆ ಕೈ ಚಾಚುವಷ್ಟರಲ್ಲಿ ಅದು ಟೋಪಿ ಮಾಮಾನ ಕಂಕುಳಿಗೆ ಸೇರಿತ್ತು. "ದಿಲ್ಲಿಗೆ ಕಳಿಸೋದುಂಟಲ್ಲ ಬಾಯಿ, ಎಂಟು ದಿನದಲ್ಲಿ ವಾಪಸ್," ಅಂದ. ನನಗೆ ಬಿಲ್ಲೆ ಸಿಕ್ಕಿತು.

ಮರುವಾರ ಬಳೆಗಾರ ಬಂದ. ಗ್ಯಾಲರಿಯ ಎಲ್ಲ ಬಾಗಿಲಿನಲ್ಲೂ ಗಂಟು ಇಳಿಸುವವನು ತುದಿಯ ಬಾಗಿಲಿನ ತನಕ ಹೋಗಲೇ ಇಲ್ಲ. ಯಾರೋ ಮೆಟ್ಟಿಲ ಬುಡದಲ್ಲೇ ಅವನಿಗೆ ಹೇಳಿದ್ದರು. ಬಸಪ್ಪ ಬದುಕಿದ್ದಾನೆ ಅಂತ ಚಾಳಿನಲ್ಲಿ ಯಾರೂ ನಂಬಿರಲಿಲ್ಲ ನಿಜ, ಆದರೆ ಹಾಗಂತ ಬಾಯಿಬಿಟ್ಟು ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಈಗ ದೊಡ್ಡವರೇ ಮೈಕಿನಲ್ಲಿ ಹೇಳಿದ್ದರಲ್ಲ.

ಶುಕ್ರವಾರ ಎಂದಿನ ಹಾಗೆ ಗಂಗಕ್ಕ ನಮ್ಮ ಮನೆಗೆ ಚಟ್ನಿ ಕೊಡಲು ಬಂದಳು. ಮನೆಗೆ ಬಂದ ಮುತ್ತೈದೆಯನ್ನು ಕುಂಕುಮ ಕೊಡದೆ ಅವ್ವ ಕಳಿಸಿದವಳಲ್ಲ. ಎದ್ದು ಗೋಡೆಯ ಮಾಡದಿಂದ ಕುಂಕುಮದ ಭರಣಿ ತೆಗೆದಳು. ಕೈಯಲ್ಲಿ ಹಿಡಿದು ನಿಂತಳು. ಆಮೇಲೆ ತಿರುಗಿ ಅಲ್ಲೇ ಇಟ್ಟಳು.

"ಇರ್ಲಿ ಬಿಡ್ರಿ ಅಕ್ಕಾರ," ಅಂದಳು ಗಂಗಕ್ಕ. "ಮುಂದಿನ ವಾರ ತಗೋತೀನಿ."

ಮುಂದಿನ ವಾರದಿಂದ ಚಟ್ನಿ ಹೊಸ್ತಿಲ ಹೊರಗಿನಿಂದಲೇ ಬಂತು. ಅವ್ವ ಕೆಟ್ಟವಳಲ್ಲ. ಆ ಮಧ್ಯಾಹ್ನ ಅವಳು ಊಟ ಮಾಡಲಿಲ್ಲ. ಆದರೂ ಭರಣಿ ತೆಗೆದು ಇಟ್ಟದ್ದು ಇಟ್ಟದ್ದೇ. ಗಂಗಕ್ಕ ಮಾತ್ರ ತನ್ನ ಕುಂಕುಮ ತಾನೇ ಇಟ್ಟುಕೊಂಡಳು, ಹಳೆಯ ಬಳೆಯನ್ನೇ ತೊಟ್ಟಳು.

ಫೋಟೋ ಬರಲಿಲ್ಲ. ದಾದರ್ ಸೇತುವೆ ಬಿಟ್ಟು ಅವಳು ದಿನಾ ಆಫೀಸಿಗೆ ಹೋಗತೊಡಗಿದಳು, ಜೊತೆಗೆ ನಾನು. ನಾಳೆ ಅಂದರು, ಸೋಮವಾರ ಅಂದರು, ದಿಲ್ಲಿಯಲ್ಲಿದೆ ಅಂದರು. ಮೇಜಿನ ಕೆಳಗಿನ ಹಳೆ ಬ್ಯಾನರುಗಳ ರಾಶಿಯ ಮೇಲೆ ನನಗೆ ಅನುಮಾನ. ಯಾರೂ ನೋಡದಾಗ ಬಗ್ಗಿ ಕೆದಕಿದೆ, ಸಿಗಲಿಲ್ಲ. ಸಾಹೇಬರು ಗೆದ್ದರು. ಮಳೆಗಾಲಕ್ಕೆ ಆ ಆಫೀಸು ಕೊಡೆ ರಿಪೇರಿಯ ಅಂಗಡಿಯಾಯಿತು, ಟೋಪಿ ಮಾಮಾ ಮತ್ತೆ ಕಾಣಲಿಲ್ಲ.

ಮರುವರ್ಷ ಅಪ್ಪನಿಗೆ ಘಾಟ್ಕೋಪರಿನಲ್ಲಿ ಎರಡು ಖೋಲಿಯ ಮನೆ ಸಿಕ್ಕಿತು. ಸಾಮಾನೆಲ್ಲ ಕೈಗಾಡಿಗೆ ಏರಿತ್ತು. ಗಂಗಕ್ಕನಿಗೆ ಎಲ್ಲಾ ಹೇಳಿಬಿಡಬೇಕು, ಮಾಲೆಯನ್ನು ನಾನು ಮಧ್ಯಾಹ್ನವೇ ನೋಡಿದ್ದೆ ಅಂತ ಹೇಳಿಬಿಡಬೇಕು ಅಂತ ಅವಳ ಬಾಗಿಲಿಗೆ ಹೋದೆ. ಗೋಡೆಯಲ್ಲಿ ಫೋಟೋ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ ಉಳಿದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ನನ್ನನ್ನು ಒಳಗೆ ಎಳೆದು, ಯಾರಿಗೂ ಕೇಳಿಸಬಾರದ ಮಾತಿನ ಹಾಗೆ ಕೇಳಿದಳು:

"ಶಕ್ಕೂ, ನೀ ಕೈಯಾಗ ಹಿಡಕೊಂಡು ಹೋಗಿದ್ದಿ. ನೀ ಎಲ್ಲಾ ನೀಟ್ ನೋಡಾಕಿ. ಆ ಗಾಯದ ಕಲಿ ಯಾವ ಹುಬ್ಬಿನ ಮ್ಯಾಲಿತ್ತು? ಎಡಕೋ, ಬಲಕೋ? ನನಗ ನೆನಪ ಆಗವಲ್ದು."

ಕಣ್ಣು ಮುಚ್ಚಿ ನೋಡಿದೆ. ಓರೆ ಟೊಪ್ಪಿಗೆ ಕಂಡಿತು, ತಡೆದ ನಗು ಕಂಡಿತು. ಕಲೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ.

"ಎಡಕ್ಕ," ಅಂದೆ.

"ಹೌದು, ಎಡಕ್ಕ," ಅಂದಳು. ಮುಖ ಹಗುರಾಯಿತು. "ಎಡಕ್ಕನ." ನನ್ನ ಲಂಗದ ಮಡಿಲಿಗೆ ಒಂದು ಪೊಟ್ಟಣ ಶೇಂಗಾ ಚಟ್ನಿ ಹಾಕಿ ಕಳಿಸಿದಳು. ನಾನು ಹೇಳಬೇಕಾದ್ದು ಹೇಳಲಿಲ್ಲ.

ಆ ಚಾಳು ಈಗಿಲ್ಲ. ಅಲ್ಲಿ ಹದಿನಾಲ್ಕು ಮಾಳಿಗೆಯ ಬಿಲ್ಡಿಂಗಿದೆ, ಗ್ಯಾಲರಿ ಇಲ್ಲ, ಪಕ್ಕದ ಮನೆಯಲ್ಲಿ ಏನು ಕುಟ್ಟಿದರೂ ವಾಸನೆ ಬರುವುದಿಲ್ಲ. ಹತ್ತಿರದ ಚೌಕಕ್ಕೆ ಆ ಸಾಹೇಬರ ಹೆಸರಿದೆ. ಆಮೇಲೆ ಎಷ್ಟೋ ಯುದ್ಧಗಳಾದವು. ದೊಡ್ಡವರು ಚಪ್ಪಲಿ ಬಿಟ್ಟು ಯಾವುದೋ ಹುಡುಗನ ಫೋಟೋಕ್ಕೆ ಮಾಲೆ ಹಾಕುವುದನ್ನು ಕಂಡಾಗೆಲ್ಲ ನಾನು ಆ ಹುಡುಗನ ಮುಖ ನೋಡುವುದಿಲ್ಲ, ಪಕ್ಕದಲ್ಲಿ ಚೀಟಿ ಹಿಡಿದು ನಿಂತವನ ಕೈ ನೋಡುತ್ತೇನೆ. ಗಂಗಕ್ಕ ಎಲ್ಲಿ ಹೋದಳೋ, ಯಾವಾಗ ಹೋದಳೋ ತಿಳಿಯಲಿಲ್ಲ. ಕೊನೆಯವರೆಗೂ ಅವಳು ಸೇತುವೆಯ ಮೇಲೆ ನಿಂತಿದ್ದರೆ, ಇಳಿದುಬಂದ ಮುಖಗಳಲ್ಲಿ ಎಡ ಹುಬ್ಬನ್ನೇ ಹುಡುಕಿರುತ್ತಾಳೆ. ಎಲ್ಲರನ್ನೂ ಅನುಮಾನಿಸಿದ ನನ್ನನ್ನು ಅವಳು ಒಂದು ದಿನವೂ ಅನುಮಾನಿಸಲಿಲ್ಲ. ಕಲೆ ಬಲಕ್ಕಿತ್ತು ಅಂತ ನನಗೆ ಈಗ ಅನ್ನಿಸುತ್ತದೆ.